ಮೊಡವೆಯ ಮಾತ್ರೆ: ಹೆದರಬೇಕಾದ್ದು ಯಾವುದಕ್ಕೆ, ಹೆದರಬೇಕಿಲ್ಲದ್ದು ಯಾವುದಕ್ಕೆ

ಚರ್ಮದ ಡಾಕ್ಟರ್ ಮೊಡವೆಗೆ ಐಸೊಟ್ರೆಟಿನೊಯಿನ್ ಬರೆದುಕೊಟ್ಟರೆ ಮನೆಯಲ್ಲಿ ಏಳುವ ಮೊದಲ ಮಾತು "ಲಿವರ್ ಹಾಳಾಗುತ್ತಂತೆ". ಎರಡನೆಯದು "ಭಾರೀ ಹೀಟ್ ಅಂತೆ, ಬೇಡ ಬಿಡು". ಮೂರನೆಯದಾಗಿ ಯಾರೋ ಒಬ್ಬರು, ಇದನ್ನು ತಗೊಂಡರೆ ಮುಂದೆ ಮಕ್ಕಳೇ ಆಗುವುದಿಲ್ಲ ಎಂದು ಹೆದರಿಸುತ್ತಾರೆ. ಈ ಮೂರರಲ್ಲಿ ಒಂದೂ ಇದ್ದಹಾಗೆ ನಿಜವಲ್ಲ. ಆದರೆ ಅಪಾಯವೇ ಇಲ್ಲ ಎಂದುಕೊಂಡರೆ ಅದೂ ತಪ್ಪು. ಈ ಔಷಧಿ ಅನಾಹುತ ಮಾಡುವ ಜಾಗಗಳು ಬೇರೆಯೇ ಇವೆ, ಮನೆಮಂದಿಯ ಮಾತಿನಲ್ಲಿ ಅವು ಬರುವುದೇ ಅಪರೂಪ. ಲಿವರ್ ಬಗ್ಗೆ ನಿದ್ದೆಗೆಡುವವರೇ ಅಕ್ಕನ ಉಳಿದ ಸ್ಟ್ರಿಪ್ಪನ್ನು ತಂಗಿಗೆ ಕೊಟ್ಟುಬಿಡುತ್ತಾರೆ.

ಐಸೊಟ್ರೆಟಿನೊಯಿನ್ ವಿಟಮಿನ್ ಎ ಬಳಗದ ಔಷಧಿ. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 1982ರಲ್ಲಿ. ಚರ್ಮದ ಎಣ್ಣೆ ಗ್ರಂಥಿಗಳನ್ನೇ ಕುಗ್ಗಿಸಿ, ಮೊಡವೆಯ ಬುಡಕ್ಕೆ ಕೈಹಾಕುವ ಔಷಧಿ ಇದು. ಗಂಟುಗಂಟಾಗಿ, ನೋವಾಗಿ, ಕಲೆ-ಕುಳಿ ಬಿಟ್ಟುಹೋಗುವ ಮೊಡವೆಗೆ ಇದಕ್ಕೆ ಸಮನಾದದ್ದು ಇನ್ನೂ ಬಂದಿಲ್ಲ. ಆದ್ದರಿಂದ ಈ ಬರಹದ ಬಹುಪಾಲು ಇದರ ಬಗ್ಗೆಯೇ. ಡಾಕ್ಸಿಸೈಕ್ಲಿನ್, ಹಚ್ಚುವ ಕ್ರೀಮುಗಳು ಮತ್ತು ಹಾರ್ಮೋನ್ ಮಾತ್ರೆಗಳ ವಿಷಯ ಕೊನೆಯಲ್ಲಿದೆ.

ಹಂತ 1: ಚೀಟಿಯಲ್ಲಿ ಬರೆದಿರುವುದು ಏನೆಂದು ತಿಳಿದುಕೊಳ್ಳಿ

ಬ್ರ್ಯಾಂಡ್ ಹೆಸರು ಏನಾದರೂ ಇರಲಿ, ಅದರ ಕೆಳಗೆ ಸಣ್ಣಕ್ಷರದಲ್ಲಿರುವ ಔಷಧಿಯ ಹೆಸರನ್ನು ಓದಿ. ಬಾಯಿಗೆ ತೆಗೆದುಕೊಳ್ಳುವ ಐಸೊಟ್ರೆಟಿನೊಯಿನ್, ಹಚ್ಚುವ ಟ್ರೆಟಿನೊಯಿನ್, ಅಡಾಪಲಿನ್ ಮೂರೂ ಒಂದೇ ಕುಲದವು. ಹೆಸರುಗಳೂ ಹತ್ತಿರ ಹತ್ತಿರ ಇರುವುದರಿಂದ ಗೊಂದಲವಾಗುತ್ತದೆ. ಆದರೆ ಕ್ಯಾಪ್ಸೂಲಿನ ಎಚ್ಚರಿಕೆಗಳೇ ಬೇರೆ, ಜೆಲ್ಲಿನ ಎಚ್ಚರಿಕೆಗಳೇ ಬೇರೆ.

ಇಲ್ಲೇ ಇನ್ನೊಂದು ಮುಖ್ಯ ಮಾತು. ಮೆಡಿಕಲ್ ಶಾಪಿನಲ್ಲಿ "ಮೊಡವೆಗೆ, ಕಲೆಗೆ ಏನಾದ್ರೂ ಕ್ರೀಮ್ ಕೊಡಿ" ಎಂದು ಕೇಳಿ ತಂದ ಟ್ಯೂಬ್ ಮನೆಯಲ್ಲಿದ್ದರೆ ಅದನ್ನು ತಿರುಗಿಸಿ ನೋಡಿ. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸೋಲ್ ಎಂದಿದ್ದರೆ ಅದು ಸ್ಟೀರಾಯ್ಡ್. ಹಚ್ಚಿದ ವಾರದಲ್ಲಿ ಮುಖ ನುಣುಪಾಗಿ ಬೆಳ್ಳಗಾದಂತೆ ಕಾಣುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪು ನರಗಳು ಎದ್ದು, ಮೊಡವೆ ಮೊದಲಿಗಿಂತ ಹೆಚ್ಚಾಗಿ ಬರುತ್ತದೆ. ನಿಲ್ಲಿಸಿದರೆ ಮುಖ ಉರಿಯುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಇಂಥ ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಅಂಗಡಿಗಳಲ್ಲಿ ಏನು ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಮೊಡವೆ ಚಿಕಿತ್ಸೆಯಲ್ಲಿ ನಮ್ಮ ಊರುಗಳಲ್ಲಿ ಆಗುತ್ತಿರುವ ಹಾನಿಯಲ್ಲಿ ದೊಡ್ಡ ಪಾಲು ಈ ಟ್ಯೂಬುಗಳದ್ದು, ಜನ ಹೆದರುವ ಕ್ಯಾಪ್ಸೂಲಿನದ್ದಲ್ಲ ಎಂಬುದು ನನ್ನ ಅಭಿಪ್ರಾಯ. ಇಂಥದ್ದು ಹಚ್ಚುತ್ತಿದ್ದರೆ ಮುಜುಗರ ಬಿಟ್ಟು ಡಾಕ್ಟರಿಗೆ ಹೇಳಿ. ಬಹಳ ದಿನ ಹಚ್ಚಿದ್ದನ್ನು ಹೇಗೆ ಬಿಡಿಸಬೇಕೆಂದು ಅವರೇ ಹೇಳುತ್ತಾರೆ.

ಹಂತ 2: ಡಾಕ್ಟರ್ ಕೇಳದಿದ್ದರೂ ಹೇಳಬೇಕಾದ್ದು

ನಮ್ಮ ಹೊರರೋಗಿ ವಿಭಾಗಗಳಲ್ಲಿ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಎಲ್ಲವನ್ನೂ ಅವರೇ ಕೇಳಲಿ ಎಂದು ಕೂರಬೇಡಿ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ:

- ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳು. ಮಲ್ಟಿವಿಟಮಿನ್, ಕಾಡ್ ಲಿವರ್ ಎಣ್ಣೆಯ ಕ್ಯಾಪ್ಸೂಲ್, ಜಿಮ್ಮಿನವರು ಕೊಟ್ಟ ಪುಡಿಗಳನ್ನೂ ಸೇರಿಸಿ. ಐಸೊಟ್ರೆಟಿನೊಯಿನ್ ಜೊತೆಗೆ ವಿಟಮಿನ್ ಎ ಸೇರಿದರೆ ಅಡ್ಡಪರಿಣಾಮ ಹೆಚ್ಚುತ್ತದೆ.
- ಹಲ್ಲಿಗೋ ಜ್ವರಕ್ಕೋ ಬೇರೆ ಡಾಕ್ಟರ್ ಕೊಟ್ಟ ಆಂಟಿಬಯೋಟಿಕ್. ಡಾಕ್ಸಿಸೈಕ್ಲಿನ್, ಮಿನೊಸೈಕ್ಲಿನ್‌ನಂಥ ಟೆಟ್ರಾಸೈಕ್ಲಿನ್ ಗುಂಪಿನವನ್ನು ಐಸೊಟ್ರೆಟಿನೊಯಿನ್ ಜೊತೆ ತೆಗೆದುಕೊಳ್ಳಲೇಬಾರದು. ಎರಡೂ ಸೇರಿದರೆ ತಲೆಬುರುಡೆಯೊಳಗೆ ಒತ್ತಡ ಏರುವ ಅಪಾಯವಿದೆ. ಅದು ಕಣ್ಣಿನ ದೃಷ್ಟಿಗೇ ಕುತ್ತಾಗಬಹುದು.
- ನಿಮಗಾಗಲಿ ಮನೆಯಲ್ಲಾಗಲಿ ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) ಹೆಚ್ಚಿರುವುದು, ಸಕ್ಕರೆ ಕಾಯಿಲೆ, ಫ್ಯಾಟಿ ಲಿವರ್, ಮದ್ಯದ ಅಭ್ಯಾಸ.
- ಹಿಂದೆ ಖಿನ್ನತೆ, ಆತ್ಮಹತ್ಯೆಯ ಯೋಚನೆ, ಮಾನಸಿಕ ಕಾಯಿಲೆಗೆ ಚಿಕಿತ್ಸೆ.
- ಸೋಯಾ ಅಥವಾ ಕಡಲೆಕಾಯಿ ಅಲರ್ಜಿ. ಹಲವು ಬ್ರ್ಯಾಂಡ್‌ಗಳ ಕ್ಯಾಪ್ಸೂಲಿನೊಳಗೆ ಸೋಯಾ ಎಣ್ಣೆ ಇರುತ್ತದೆ.

ಕಟ್ಟುನಿಟ್ಟಿನ ಸಸ್ಯಾಹಾರಿಗಳು ಕೇಳಿಕೊಳ್ಳಬೇಕಾದ ಒಂದು ವಿಷಯ: ಈ ಮೆತ್ತನೆಯ ಕ್ಯಾಪ್ಸೂಲಿನ ಹೊರಪದರ ಸಾಮಾನ್ಯವಾಗಿ ಜೆಲಟಿನ್‌ನದ್ದು, ಅಂದರೆ ಪ್ರಾಣಿಜನ್ಯ. ಚಿಕಿತ್ಸೆಯ ನಡುವೆ ತಿಳಿದು ಅರ್ಧಕ್ಕೆ ಬಿಡುವುದಕ್ಕಿಂತ ಮೊದಲೇ ತೀರ್ಮಾನಿಸುವುದು ಒಳ್ಳೆಯದು.

ಹಂತ 3: ರಕ್ತ ಪರೀಕ್ಷೆ, ಮತ್ತು ಲಿವರ್ ಎಂಬ ಗುಮ್ಮ

ಶುರು ಮಾಡುವ ಮೊದಲು ಲಿವರ್ ಪರೀಕ್ಷೆ ಮತ್ತು ಕೊಬ್ಬಿನಂಶದ ಪರೀಕ್ಷೆ ಮಾಡಿಸುತ್ತಾರೆ. ಆಮೇಲೆ ಒಂದೆರಡು ತಿಂಗಳಿಗೆ ಮತ್ತೊಮ್ಮೆ. ಅದು ಸರಿಯಿದ್ದು ಡೋಸ್ ಬದಲಾಗದಿದ್ದರೆ ಪದೇಪದೇ ಬೇಕಾಗುವುದಿಲ್ಲ.

ಲಿವರ್ ಎನ್‌ಜೈಮ್‌ಗಳು ಕೆಲವರಲ್ಲಿ ತುಸು ಏರುತ್ತವೆ. ಹೆಚ್ಚಿನವರಲ್ಲಿ ಡೋಸ್ ಇಳಿಸಿದರೆ, ಎಷ್ಟೋ ಸಲ ಹಾಗೇ ಮುಂದುವರಿಸಿದರೂ, ಸಹಜಕ್ಕೆ ಬರುತ್ತವೆ. ಸಹಜ ಮಿತಿಯ ಮೂರು ಪಟ್ಟು ದಾಟಿದರೆ ಮಾತ್ರ ನಿಲ್ಲಿಸುವ ಮಾತು. ಆರೋಗ್ಯವಂತ ಹುಡುಗ-ಹುಡುಗಿಯರಲ್ಲಿ ಲಿವರ್ ಕೆಡುವುದು ಬಹಳ ಅಪರೂಪ.

ಗಮನ ಕೊಡಬೇಕಾದ್ದು ಟ್ರೈಗ್ಲಿಸರೈಡ್‌ಗೆ. ಇದು 150ರ ಒಳಗಿರಬೇಕು. ಔಷಧಿ ಶುರುವಾದ ಮೇಲೆ ಸ್ವಲ್ಪ ಏರುವುದು ಸಾಮಾನ್ಯ. 500 ದಾಟಿದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯ ಶುರುವಾಗುತ್ತದೆ. ಡೋಸ್ ಇಳಿಸುವುದೋ ನಿಲ್ಲಿಸುವುದೋ ಡಾಕ್ಟರ್ ನೋಡುತ್ತಾರೆ. ಈ ಪರೀಕ್ಷೆಗೆ 10ರಿಂದ 12 ಗಂಟೆ ಖಾಲಿ ಹೊಟ್ಟೆ ಬೇಕು. ಹಿಂದಿನ ರಾತ್ರಿ ಮದುವೆ ಮನೆಯಲ್ಲಿ ತುಪ್ಪ ಸುರಿದ ಹೋಳಿಗೆ ತಿಂದು, ಇಲ್ಲವೇ ಗೆಳೆಯರ ಜೊತೆ ಕುಡಿದು, ಬೆಳಿಗ್ಗೆ ಲ್ಯಾಬಿಗೆ ಹೋದರೆ ಬರುವ ಅಂಕಿ ನೋಡಿ ಸುಮ್ಮನೆ ಗಾಬರಿಯಾಗಬೇಕಾಗುತ್ತದೆ.

ಜಿಮ್ಮಿಗೆ ಹೋಗುವವರಿಗೆ ಒಂದು ಸೂಚನೆ. ಭಾರ ಎತ್ತುವ ಕಸರತ್ತು ಮತ್ತು ಈ ಮಾತ್ರೆ ಎರಡೂ ಸೇರಿದಾಗ ಸ್ನಾಯುವಿನ ಕಿಣ್ವ ರಕ್ತದಲ್ಲಿ ಏರುತ್ತದೆ. ಲಿವರ್ ವರದಿಯಲ್ಲಿರುವ ಒಂದು ಅಂಕಿಯೂ ಅದರ ಜೊತೆ ಏರಿ, ಲಿವರ್ ಕೆಟ್ಟಿತು ಎಂಬ ತಪ್ಪು ಲೆಕ್ಕಕ್ಕೆ ದಾರಿಯಾಗಬಹುದು. ರಕ್ತ ಕೊಡುವ ಹಿಂದಿನ ಎರಡು ಮೂರು ದಿನ ಭಾರಿ ಕಸರತ್ತು ಬಿಡಿ. ಮೈಕೈ ನೋವು ವಿಪರೀತವಾಗಿ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಹಂತ 4: ಗರ್ಭ. ಇಲ್ಲಿ ರಾಜಿ ಇಲ್ಲ

ನಿಜವಾಗಿ ಭಯಪಡಬೇಕಾದ ಜಾಗ ಇದು. ಐಸೊಟ್ರೆಟಿನೊಯಿನ್ ತೆಗೆದುಕೊಳ್ಳುವಾಗ ಗರ್ಭ ನಿಂತರೆ ಮಗುವಿನ ತಲೆಬುರುಡೆ, ಮಿದುಳು, ಕಿವಿ, ಮುಖ, ಹೃದಯದ ರಚನೆಯಲ್ಲಿ ತೀವ್ರ ದೋಷಗಳಾಗಬಹುದು. ಹೀಗೆ ಔಷಧಿಗೆ ಸಿಲುಕಿದ ಗರ್ಭಗಳಲ್ಲಿ ನೂರಕ್ಕೆ ಸುಮಾರು 20ರಿಂದ 35ರಷ್ಟಕ್ಕೆ ಇಂಥ ದೋಷ ಉಂಟಾಗುತ್ತದೆ ಎಂಬುದು ವೈದ್ಯಲೋಕ ಒಪ್ಪಿರುವ ಅಂದಾಜು. ಗರ್ಭಪಾತದ ಸಾಧ್ಯತೆಯೂ ಹೆಚ್ಚು. ಕಡಿಮೆ ಡೋಸಾದರೆ ಪರವಾಗಿಲ್ಲ, ನಾಲ್ಕೇ ದಿನವಾದರೆ ಪರವಾಗಿಲ್ಲ ಎಂಬ ಸುರಕ್ಷಿತ ಗಡಿ ಇಲ್ಲಿಲ್ಲ. ಅಮೆರಿಕದಲ್ಲಿ 2006ರಿಂದ ಐಪ್ಲೆಡ್ಜ್ ಎಂಬ ನೋಂದಣಿ ವ್ಯವಸ್ಥೆ ಇದೆ. ಡಾಕ್ಟರ್, ಔಷಧಿ ಅಂಗಡಿ, ರೋಗಿ ಮೂವರೂ ಅದರಲ್ಲಿ ಹೆಸರು ಬರೆಸದೆ ಅಲ್ಲಿ ಈ ಕ್ಯಾಪ್ಸೂಲ್ ಸಿಗುವುದಿಲ್ಲ. ನಮ್ಮಲ್ಲಿ ಅಂಥ ಬೇಲಿ ಇಲ್ಲ. ಪೊಟ್ಟಣದ ಮೇಲಿನ ಎಚ್ಚರಿಕೆ, ಡಾಕ್ಟರ ಮಾತು, ನಿಮ್ಮ ಜಾಗ್ರತೆ, ಇಷ್ಟೇ ಕಾವಲು.

ನಿಯಮ ಇಷ್ಟು. ಮಾತ್ರೆ ಶುರು ಮಾಡುವ ಒಂದು ತಿಂಗಳು ಮೊದಲಿನಿಂದ, ತೆಗೆದುಕೊಳ್ಳುವಷ್ಟು ದಿನ, ನಿಲ್ಲಿಸಿದ ಮೇಲೆ ಇನ್ನೂ ಒಂದು ತಿಂಗಳು ಗರ್ಭ ನಿಲ್ಲಬಾರದು. ಗರ್ಭ ಪರೀಕ್ಷೆ ನೆಗೆಟಿವ್ ಬಂದ ಮೇಲೆ, ಮುಟ್ಟಿನ ಎರಡನೆಯ ಅಥವಾ ಮೂರನೆಯ ದಿನ ಮೊದಲ ಕ್ಯಾಪ್ಸೂಲ್. ಆಮೇಲೆ ತಿಂಗಳಿಗೊಮ್ಮೆ ಪರೀಕ್ಷೆ. ಲೈಂಗಿಕ ಸಂಬಂಧವಿದ್ದರೆ ಎರಡು ಬಗೆಯ ಗರ್ಭನಿರೋಧಕ ಒಟ್ಟಿಗೆ, ಉದಾಹರಣೆಗೆ ಗರ್ಭನಿರೋಧಕ ಮಾತ್ರೆಯ ಜೊತೆ ಕಾಂಡೋಮ್. ಪ್ರೊಜೆಸ್ಟಿನ್ ಎಂಬ ಒಂದೇ ಹಾರ್ಮೋನ್ ಇರುವ ಮಿನಿ ಗರ್ಭನಿರೋಧಕ ಮಾತ್ರೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಪಿ.ಸಿ.ಒ.ಡಿ. ಇದ್ದು ಮುಟ್ಟು ಹಿಂದೆಮುಂದೆ ಆಗುವವರು, ಮುಟ್ಟು ತಡವಾದದ್ದನ್ನು "ನನಗೆ ಯಾವಾಗಲೂ ಹೀಗೇ" ಎಂದು ತಳ್ಳಿಹಾಕಬಾರದು. ಅವರಿಗೆ ಪರೀಕ್ಷೆ ಇನ್ನೂ ಅಗತ್ಯ.

ಇನ್ನು ನಮ್ಮ ಮನೆಗಳ ಸಮಾಚಾರ. ಹುಡುಗಿ ಡಾಕ್ಟರ ಎದುರು ಕೂತಾಗ ಪಕ್ಕದಲ್ಲಿ ಅಮ್ಮ ಇರುತ್ತಾರೆ. ಡಾಕ್ಟರಿಗೆ ಕೇಳಲು ಸಂಕೋಚ, ಅವಳಿಗೆ ಹೇಳಲು ಭಯ. "ಮದುವೆ ಆಗಿಲ್ಲ ಅಲ್ವಾ?" ಎಂಬ ಒಂದು ಪ್ರಶ್ನೆಯಲ್ಲಿ ಇಡೀ ವಿಷಯ ಮುಗಿದುಹೋಗುತ್ತದೆ. ಅಮ್ಮಂದಿರೇ, ಐದು ನಿಮಿಷ ಹೊರಗೆ ಕೂರಿ. ಹುಡುಗಿಯರೇ, "ಡಾಕ್ಟರ್, ನಿಮ್ಮ ಹತ್ತಿರ ಒಬ್ಬಳೇ ಮಾತಾಡಬೇಕು" ಎಂದು ಕೇಳುವ ಹಕ್ಕು ನಿಮಗಿದೆ.

ಎರಡನೆಯ ಸಂದರ್ಭ ಮದುವೆ. ನಿಶ್ಚಿತಾರ್ಥ ಆಗಿದೆ, ಮೂರು ತಿಂಗಳಲ್ಲಿ ಧಾರೆ, ಅಷ್ಟರಲ್ಲಿ ಮುಖ ಸರಿಯಾಗಬೇಕು ಎಂದು ಚರ್ಮದ ಡಾಕ್ಟರ ಬಳಿ ಬರುವವರು ತುಂಬ. ಈ ಚಿಕಿತ್ಸೆ ಸಾಮಾನ್ಯವಾಗಿ ಐದಾರು ತಿಂಗಳು ಹಿಡಿಯುತ್ತದೆ. ಮಾತ್ರೆ ನಡೆಯುತ್ತಿರುವಾಗಲೇ ಮದುವೆಯಾಗಿ, ಮೊದಲ ತಿಂಗಳಲ್ಲೇ ಗರ್ಭ ನಿಂತರೆ? ಹಾಗಾಗಿ ಡಾಕ್ಟರಿಗೆ ಮದುವೆಯ ತಾರೀಖು ಹೇಳಿ. ಕೊನೆಯ ಕ್ಯಾಪ್ಸೂಲ್ ಆಗಿ ಕನಿಷ್ಠ ಒಂದು ತಿಂಗಳು ಕಳೆಯುವ ತನಕ ಮಗು ಬೇಡ ಎಂಬುದನ್ನು ಮದುವೆಯಾಗುವ ಹುಡುಗನಿಗೂ ತಿಳಿಸಿ. ಅದನ್ನು ಹೇಳಿಕೊಳ್ಳಲಾಗದ ಪರಿಸ್ಥಿತಿ ಇದ್ದರೆ ಬೇರೆ ಔಷಧಿ ಕೇಳುವುದೇ ಕ್ಷೇಮ.

ಎಲ್ಲ ಎಚ್ಚರಿಕೆಯ ನಡುವೆಯೂ ಗರ್ಭ ನಿಂತಿದೆ ಎಂಬ ಅನುಮಾನ ಬಂದರೆ ಮಾತ್ರೆಯನ್ನು ಆ ಕ್ಷಣವೇ ನಿಲ್ಲಿಸಿ, ಹೆರಿಗೆ ಡಾಕ್ಟರನ್ನು ಕಾಣಿ. ಎಷ್ಟು ಡೋಸ್, ಕೊನೆಯ ಮಾತ್ರೆ ಯಾವ ದಿನ ಎಂಬ ವಿವರ ಜೊತೆಗಿರಲಿ. ಮುಚ್ಚಿಟ್ಟುಕೊಂಡು ದಿನ ತಳ್ಳಿದಷ್ಟೂ ಮುಂದಿನ ಆಯ್ಕೆಗಳು ಕಡಿಮೆಯಾಗುತ್ತವೆ.

ಮುಂದೆ ಮಕ್ಕಳಾಗುವುದಿಲ್ಲ ಎಂಬ ಮಾತಿಗೆ ಮಾತ್ರ ಆಧಾರವಿಲ್ಲ. ಔಷಧಿ ಕೆಲವು ದಿನಗಳಲ್ಲಿ ದೇಹದಿಂದ ಹೊರಹೋಗುತ್ತದೆ; ಒಂದು ತಿಂಗಳ ಅಂತರ ಸಾಕು. ಅಂತರ್ಜಾಲದಲ್ಲಿ ಸಿಗುವ "ಮೂರು ವರ್ಷ ಗರ್ಭ ಬೇಡ" ಎಂಬ ಎಚ್ಚರಿಕೆ ಸೋರಿಯಾಸಿಸ್‌ಗೆ ಕೊಡುವ ಅಸಿಟ್ರೆಟಿನ್ ಎಂಬ ಬೇರೆ ಔಷಧಿಯದ್ದು. ಗಂಡಸರು ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹುಟ್ಟುವ ಮಗುವಿಗೆ ತೊಂದರೆಯಾಗುತ್ತದೆ ಎನ್ನಲು ಪುರಾವೆ ಸಿಕ್ಕಿಲ್ಲ. ಆದರೆ ಗಂಡಾಗಲಿ ಹೆಣ್ಣಾಗಲಿ, ಮಾತ್ರೆ ನಿಲ್ಲಿಸಿ ಒಂದು ತಿಂಗಳಾಗುವ ತನಕ ರಕ್ತದಾನ ಮಾಡಬಾರದು. ಆ ರಕ್ತ ಗರ್ಭಿಣಿಗೆ ಹೋಗಬಹುದು. ಕಾಲೇಜಿನ ರಕ್ತದಾನ ಶಿಬಿರದಲ್ಲಿ ಗೆಳೆಯರ ಜೊತೆ ಸಾಲಿನಲ್ಲಿ ನಿಲ್ಲುವ ಮುನ್ನ ಇದು ನೆನಪಿರಲಿ. ಎದೆಹಾಲು ಕುಡಿಸುವವರಿಗೂ ಈ ಔಷಧಿ ಸಲ್ಲದು.

ಹಂತ 5: ಡೋಸಿನ ಲೆಕ್ಕ, ತೆಗೆದುಕೊಳ್ಳುವ ಹೊತ್ತು

ದಿನದ ಡೋಸನ್ನು ದೇಹದ ತೂಕದ ಮೇಲೆ ಲೆಕ್ಕ ಹಾಕುತ್ತಾರೆ: ಪ್ರತಿ ಕಿಲೋಗೆ 0.5ರಿಂದ 1 ಮಿಲಿಗ್ರಾಂ. ಇಡೀ ಚಿಕಿತ್ಸೆಯಲ್ಲಿ ಸೇರಬೇಕಾದ ಒಟ್ಟು ಪ್ರಮಾಣ ಪ್ರತಿ ಕಿಲೋಗೆ 120ರಿಂದ 150 ಮಿಲಿಗ್ರಾಂ ಎಂಬುದು ಹಳೆಯ ವಾಡಿಕೆ. 50 ಕಿಲೋ ತೂಗುವವರಿಗೆ ಒಟ್ಟು 6000ರಿಂದ 7500 ಮಿಲಿಗ್ರಾಂ ಆಯಿತು. ದಿನಕ್ಕೆ 40ರಂತೆ ಐದಾರು ತಿಂಗಳು, 20ರಂತೆ ಹತ್ತು ಹನ್ನೆರಡು ತಿಂಗಳು. ನಮ್ಮಲ್ಲಿ ಬಹಳ ಡಾಕ್ಟರುಗಳು 10 ಅಥವಾ 20 ಮಿಲಿಗ್ರಾಂನಲ್ಲೇ ನಿಧಾನವಾಗಿ ನಡೆಸುತ್ತಾರೆ. ಮಧ್ಯಮ ಮಟ್ಟದ ಮೊಡವೆಗೆ ಅದು ಸಾಕಾಗುತ್ತದೆ, ತುಟಿ-ಚರ್ಮ ಒಣಗುವುದೂ ಕಡಿಮೆ. ಎರಡು ತಿಂಗಳಿಗೇ ಮುಖ ಸ್ವಚ್ಛವಾಯಿತೆಂದು ಬಿಟ್ಟುಬಿಟ್ಟರೆ ಮೊಡವೆ ಮರಳುವ ಸಾಧ್ಯತೆ ಹೆಚ್ಚು. ನೆರೆಮನೆಯವರ ಡೋಸಿಗೂ ನಿಮ್ಮದಕ್ಕೂ ಹೋಲಿಕೆ ಬೇಡ.

ಊಟದ ಜೊತೆಗೇ ತೆಗೆದುಕೊಳ್ಳಿ, ಅದೂ ತುಸು ಜಿಡ್ಡಿರುವ ಊಟ. ಕೊಬ್ಬಿನಂಶವಿರುವ ಊಟದೊಂದಿಗೆ ಈ ಔಷಧಿ ಖಾಲಿ ಹೊಟ್ಟೆಗಿಂತ ಸುಮಾರು ಎರಡು ಪಟ್ಟು ಮೈಗೆ ಹತ್ತುತ್ತದೆ. ಒಂದು ಚಮಚ ತುಪ್ಪ ಕಲಸಿದ ಅನ್ನವೋ, ಒಂದು ಲೋಟ ಕೆನೆಹಾಲೋ ಸಾಕು. ಏಕಾದಶಿಯೋ ಸೋಮವಾರವೋ ಉಪವಾಸ ಮಾಡುವವರು ಮಾತ್ರೆಯನ್ನು ಆ ದಿನದ ಒಪ್ಪೊತ್ತಿನ ಊಟಕ್ಕೆ ಇಟ್ಟುಕೊಳ್ಳಿ. ಕ್ಯಾಪ್ಸೂಲನ್ನು ಅಗಿಯಬೇಡಿ, ಒಡೆಯಬೇಡಿ. ಒಂದು ದಿನ ಮರೆತರೆ ಮರುದಿನ ಎರಡು ನುಂಗುವುದೂ ಬೇಡ.

ಮೊದಲ ತಿಂಗಳಲ್ಲಿ ಕೆಲವರಿಗೆ ಮೊಡವೆ ಹೆಚ್ಚಾದಂತೆ ಕಾಣುತ್ತದೆ. ಅದು ಕ್ರಮೇಣ ಇಳಿಯುತ್ತದೆ. ಆದರೆ ಜ್ವರ, ಕೀಲುನೋವಿನ ಜೊತೆ ಎದೆ-ಬೆನ್ನಿನ ಮೇಲೆ ಮೊಡವೆಗಳು ಒಡೆದು ಹುಣ್ಣಾದರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬಾರದು.

ಹಂತ 6: ಒಣಗುವಿಕೆಯ ಜೊತೆ ಬದುಕುವುದು

ತುಟಿ ಒಡೆಯುವುದು ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತದೆ. ತುಟಿ ಒಣಗಿಯೇ ಇಲ್ಲ ಎಂದು ರೋಗಿ ಹೇಳಿದರೆ ಮಾತ್ರೆ ಸರಿಯಾಗಿ ತಗೊಳ್ತಿದ್ದಾರೋ ಇಲ್ಲವೋ ಎಂದೇ ಡಾಕ್ಟರುಗಳಿಗೆ ಅನುಮಾನ. ಮನೆಯಲ್ಲಿ "ಹೀಟ್" ಎನ್ನುವುದು ಬಹುಪಾಲು ಇದನ್ನೇ. ಎಣ್ಣೆ ಗ್ರಂಥಿಗಳು ಕುಗ್ಗಿದ್ದರಿಂದ ಆಗುವ ಒಣಗುವಿಕೆ ಇದು. ಎಳನೀರು, ಮಜ್ಜಿಗೆ ಕುಡಿಯಲು ಅಡ್ಡಿಯಿಲ್ಲ, ಆದರೆ ಗ್ರಂಥಿ ಕುಗ್ಗಿದ್ದಕ್ಕೆ ಅದು ಮದ್ದಲ್ಲ. ಬೇಕಾದ್ದು ಹೊರಗಿನ ಜಿಡ್ಡು. ಸುವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿಯನ್ನು ಜೇಬಿನಲ್ಲಿಟ್ಟುಕೊಂಡು ದಿನಕ್ಕೆ ಹತ್ತು ಸಲ ಹಚ್ಚಿದರೂ ತಪ್ಪಿಲ್ಲ. ತುಟಿಯ ಸಿಪ್ಪೆ ಕೀಳಬೇಡಿ, ನಾಲಿಗೆಯಿಂದ ಸವರಬೇಡಿ. ಮೂಗಿನ ಒಳಗೋಡೆಗೂ ರಾತ್ರಿ ಅದನ್ನೇ ಸವರಿದರೆ ಮೂಗಿನಿಂದ ರಕ್ತ ಬರುವುದು ತಪ್ಪುತ್ತದೆ.

ಮುಖಕ್ಕೆ ಸೋಪು ಬಿಟ್ಟು ಮೃದುವಾದ ಕ್ಲೆನ್ಸರ್, ಸ್ನಾನವಾದ ಕೂಡಲೇ ಮಾಯಿಶ್ಚರೈಸರ್, ಬೆಳಿಗ್ಗೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್. ನಮ್ಮ ಚರ್ಮದ ಬಣ್ಣಕ್ಕೆ ಬಿಸಿಲು ತಾಗಿದರೆ ಮೊಡವೆಯ ಕಪ್ಪು ಕಲೆ ಉಳಿಯುವುದು ಹೆಚ್ಚು, ಆದ್ದರಿಂದ ಇದನ್ನು ಬಿಡಬೇಡಿ. ಸ್ಕ್ರಬ್, ನಿಂಬೆರಸ, ಕಡಲೆಹಿಟ್ಟಿನ ಉಜ್ಜುವಿಕೆ ಎಲ್ಲಕ್ಕೂ ರಜೆ ಕೊಡಿ. ವ್ಯಾಕ್ಸಿಂಗ್ ಮಾಡಿಸಿದರೆ ಚರ್ಮವೇ ಕಿತ್ತುಬರಬಹುದು. ಮಾತ್ರೆ ನಡೆಯುವಾಗ ಮತ್ತು ನಿಲ್ಲಿಸಿ ಆರು ತಿಂಗಳ ತನಕ ಬೇಡ. ಬ್ಯೂಟಿ ಪಾರ್ಲರಿನಲ್ಲಿ ಇದನ್ನು ನೀವೇ ಬಾಯಿಬಿಟ್ಟು ಹೇಳಬೇಕು.

ಕಣ್ಣೂ ಒಣಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಚುಚ್ಚಿದಂತಾದರೆ ಚಿಕಿತ್ಸೆ ಮುಗಿಯುವ ತನಕ ಕನ್ನಡಕ ಹಾಕಿಕೊಳ್ಳಿ. ಜನ ಗಮನಿಸದ ಇನ್ನೊಂದು ಸಂಗತಿ ರಾತ್ರಿಯ ದೃಷ್ಟಿ. ಕೆಲವರಿಗೆ ಮಬ್ಬುಗತ್ತಲಲ್ಲಿ ಕಾಣುವುದು ಕಡಿಮೆಯಾಗುತ್ತದೆ, ಅದೂ ಥಟ್ಟನೆ ಶುರುವಾಗಬಹುದು. ಸಂಜೆ ಹೊತ್ತು ಹೆಲ್ಮೆಟ್ಟಿನ ಗಾಜು ಎತ್ತಿಕೊಂಡು, ಗಾಳಿಗೆ ಒಣಗಿದ ಕಣ್ಣಲ್ಲಿ ಸ್ಕೂಟರ್ ಓಡಿಸುವವರಿಗೆ ಇದು ಸಣ್ಣ ವಿಷಯವಲ್ಲ. ಮೊದಲ ಕೆಲವು ವಾರ ರಾತ್ರಿ ಗಾಡಿ ಓಡಿಸುವ ಮುನ್ನ ನಿಮ್ಮ ಕಣ್ಣನ್ನು ನೀವೇ ಪರೀಕ್ಷಿಸಿಕೊಳ್ಳಿ, ಅನುಮಾನವಿದ್ದರೆ ಬಸ್ಸೇ ವಾಸಿ.

ಹಂತ 7: ಮನಸ್ಸಿನ ಮೇಲೊಂದು ಕಣ್ಣು

ಈ ಔಷಧಿಯಿಂದ ಖಿನ್ನತೆ ಬರುತ್ತದೆಯೇ ಎಂಬ ಚರ್ಚೆ ಹಳೆಯದು. ಅಮೆರಿಕ 1998ರಲ್ಲಿ ಔಷಧಿಯ ಎಚ್ಚರಿಕೆಯಲ್ಲಿ ಇದನ್ನು ಸೇರಿಸಿತು. ಬ್ರಿಟನ್ 2023ರಲ್ಲಿ, 18 ವರ್ಷದ ಕೆಳಗಿನವರಿಗೆ ಕೊಡಬೇಕಾದರೆ ಇಬ್ಬರು ತಜ್ಞರು ಒಪ್ಪಬೇಕೆಂಬ ನಿಯಮ ತಂದಿತು. ಇನ್ನೊಂದು ಬದಿಯಲ್ಲಿ, ದೊಡ್ಡ ಗುಂಪುಗಳ ಅಧ್ಯಯನಗಳಲ್ಲಿ ಒಟ್ಟಾರೆ ಅಪಾಯ ಹೆಚ್ಚಿದ್ದು ಸ್ಪಷ್ಟವಾಗಿ ಕಂಡಿಲ್ಲ. ಮೊಡವೆ ವಾಸಿಯಾದಂತೆ ಎಷ್ಟೋ ಜನರ ಮನಸ್ಸು ಹಗುರಾಗುತ್ತದೆ. ತೀವ್ರ ಮೊಡವೆಯೇ ಹರೆಯದವರನ್ನು ಕುಗ್ಗಿಸಬಲ್ಲದು. ಎರಡೂ ನಿಜವಾಗಿರುವುದು ಸಾಧ್ಯ: ಹೆಚ್ಚಿನವರಿಗೆ ಏನೂ ಆಗದು, ಎಲ್ಲೋ ಕೆಲವರಿಗೆ ಆಗಬಹುದು.

ಆದ್ದರಿಂದ ಜೊತೆಯಲ್ಲಿರುವ ಒಬ್ಬರಿಗೆ, ಅಕ್ಕನಿಗೋ ರೂಮ್‌ಮೇಟ್‌ಗೋ, "ನಾನು ಈ ಮಾತ್ರೆ ತಗೊಳ್ತಿದ್ದೀನಿ, ನಾನು ಬದಲಾದ ಹಾಗೆ ಕಂಡರೆ ಹೇಳು" ಎಂದು ಹೇಳಿಡಿ. ತಾನು ಕುಗ್ಗುತ್ತಿರುವುದು ಆ ವ್ಯಕ್ತಿಗೇ ಕೊನೆಗೆ ತಿಳಿಯುವುದು. ನಿದ್ದೆ ಕೆಡುವುದು, ಸಿಡುಕು, ಯಾರ ಜೊತೆಗೂ ಬೇಡ ಎನಿಸುವುದು, ಸಾಯುವ ಯೋಚನೆ ಕಂಡರೆ ಮಾತ್ರೆ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದುಡ್ಡಿಲ್ಲದೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಆ ಸೇವೆಯ ಮುಖ್ಯ ಕೇಂದ್ರಗಳಲ್ಲೊಂದು. ಲೈಂಗಿಕ ಆಸಕ್ತಿ ಕುಗ್ಗುವುದು, ನಿಮಿರುವಿಕೆಯ ತೊಂದರೆ ಅಪರೂಪಕ್ಕೆ ವರದಿಯಾಗಿವೆ. ನಾಚಿಕೆಪಟ್ಟು ಮುಚ್ಚಿಡುವ ವಿಷಯ ಅದಲ್ಲ.

ಹಂತ 8: ಇವು ಕಂಡರೆ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ

- ಬಿಡದ ತಲೆನೋವು, ಜೊತೆಗೆ ವಾಂತಿ, ಕಣ್ಣು ಮಂಜಾಗುವುದು ಅಥವಾ ಎರಡೆರಡಾಗಿ ಕಾಣುವುದು.
- ಹೊಟ್ಟೆಯ ಮೇಲ್ಭಾಗದಲ್ಲಿ ಬೆನ್ನಿಗೆ ಹಾಯುವ ತೀವ್ರ ನೋವು.
- ಕಣ್ಣು ಹಳದಿ, ಮೂತ್ರ ಗಾಢ ಬಣ್ಣ, ವಿಪರೀತ ಸುಸ್ತು.
- ರಕ್ತ ಬೆರೆತ ಭೇದಿ.
- ಮೈಮೇಲೆ ಗುಳ್ಳೆ ಎದ್ದು ಚರ್ಮ ಸುಲಿಯುವುದು, ಬಾಯಿ ಹುಣ್ಣು, ಮುಖ ಊದಿಕೊಳ್ಳುವುದು, ಉಸಿರಾಟದ ತೊಂದರೆ.

ಬೆನ್ನು-ಕೀಲು ನೋವು, ಕೂದಲು ತುಸು ಉದುರುವುದು ಈ ಪಟ್ಟಿಯವಲ್ಲ. ಮುಂದಿನ ಭೇಟಿಯಲ್ಲಿ ಹೇಳಿದರೆ ಸಾಕು, ಡೋಸ್ ಇಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತವೆ.

ಐಸೊಟ್ರೆಟಿನೊಯಿನ್ ಅಲ್ಲ, ಬೇರೆ ಬರೆದಿದ್ದರೆ

ಡಾಕ್ಸಿಸೈಕ್ಲಿನ್: ಇದರ ದೊಡ್ಡ ತಂಟೆ ಅನ್ನನಾಳದಲ್ಲಿ. ಗುಟುಕು ನೀರಿನಲ್ಲಿ ನುಂಗಿ ಹಾಸಿಗೆಗೆ ಬಿದ್ದರೆ ಮಾತ್ರೆ ಅಲ್ಲೇ ಅಂಟಿಕೊಂಡು ಹುಣ್ಣು ಮಾಡುತ್ತದೆ. ಎರಡು ದಿನ ಎಂಜಲು ನುಂಗಲೂ ಆಗದಷ್ಟು ಎದೆ ಉರಿ. ಊಟವಾದ ಮೇಲೆ, ತುಂಬಿದ ಒಂದು ಲೋಟ ನೀರಿನ ಜೊತೆ ನುಂಗಿ, ಅರ್ಧ ಗಂಟೆಯಾದರೂ ಮಲಗದಿರಿ. ಹಾಲು, ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆ, ಆಂಟಾಸಿಡ್‌ಗಳಿಂದ ಎರಡು ಮೂರು ಗಂಟೆ ದೂರವಿಡಿ. ಐಸೊಟ್ರೆಟಿನೊಯಿನ್‌ಗೆ ಒಪ್ಪುವ ಹಾಲು ಇದಕ್ಕೆ ಒಗ್ಗದು. ಬಿಸಿಲಿಗೆ ಮುಖ-ಕೈ ಬೇಗ ಸುಡುತ್ತದೆ. ಗರ್ಭಿಣಿಯರಿಗೂ 8 ವರ್ಷದೊಳಗಿನ ಮಕ್ಕಳಿಗೂ ಇದು ಬೇಡ. ಮೂರು ನಾಲ್ಕು ತಿಂಗಳಿಗಿಂತ ಹೆಚ್ಚು ಎಳೆಯಬಾರದು, ಜೊತೆಗೆ ಬ್ಯಾಕ್ಟೀರಿಯಾ ಕೊಲ್ಲುವ ಬೆನ್ಜಾಯಿಲ್ ಪೆರಾಕ್ಸೈಡ್ ಎಂಬ ಹಚ್ಚುವ ಔಷಧಿಯನ್ನೂ ಬಳಸಬೇಕು. ಇಲ್ಲದಿದ್ದರೆ ಮೊಡವೆಯ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗುವುದನ್ನೇ ಬಿಡುತ್ತದೆ. ಹಳೆಯ ಚೀಟಿ ತೋರಿಸಿ ವರ್ಷವಿಡೀ ತಂದು ತಿನ್ನುವವರು ಇದನ್ನು ಓದಿಕೊಳ್ಳಲಿ.

ಹಚ್ಚುವವು: ಅಡಾಪಲಿನ್, ಟ್ರೆಟಿನೊಯಿನ್ ರಾತ್ರಿ ಮಾತ್ರ. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು, ಒಣಗಿದ ಮುಖದ ಮೇಲೆ, ಮೊದಲ ಎರಡು ಮೂರು ವಾರ ದಿನ ಬಿಟ್ಟು ದಿನ. ಉರಿಯುತ್ತಿದ್ದರೆ ಮೊದಲು ಮಾಯಿಶ್ಚರೈಸರ್, ಆಮೇಲೆ ಔಷಧಿ. ಬೇಗ ವಾಸಿಯಾಗಲೆಂದು ಹೆಚ್ಚು ಬಳಿದರೆ ನಮ್ಮ ಗೋಧಿ-ಕಪ್ಪು ಚರ್ಮದಲ್ಲಿ ಉರಿಯ ಜಾಗವೆಲ್ಲ ಕಪ್ಪು ಕಲೆಯಾಗಿ ಉಳಿಯುತ್ತದೆ. ಫಲ ಕಾಣಲು ಎಂಟು ಹನ್ನೆರಡು ವಾರ ಬೇಕು. ಗರ್ಭ ಧರಿಸಿದರೆ ಇವನ್ನೂ ನಿಲ್ಲಿಸಬೇಕು. ಬೆನ್ಜಾಯಿಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣ ತಿನ್ನುತ್ತದೆ; ಬಿಳಿ ದಿಂಬಿನ ಕವರ್, ಬಿಳಿ ಟವೆಲ್ ಇಟ್ಟುಕೊಳ್ಳಿ.

ಸ್ಪೈರೊನೊಲ್ಯಾಕ್ಟೋನ್: ಮೂಲದಲ್ಲಿ ಬಿ.ಪಿ. ಮತ್ತು ಬಾವಿನ ಮಾತ್ರೆ, ಗದ್ದದ ಸುತ್ತ ಮುಟ್ಟಿನ ಹೊತ್ತಿಗೆ ಏಳುವ ಮೊಡವೆಗೆ ಹೆಣ್ಣುಮಕ್ಕಳಿಗೆ ಕೊಡುತ್ತಾರೆ. ಮುಟ್ಟು ಏರುಪೇರಾಗಬಹುದು, ತಲೆ ಸುತ್ತಬಹುದು, ಗರ್ಭ ಇಲ್ಲೂ ಬೇಡ. ದೇಹದಲ್ಲಿ ಪೊಟ್ಯಾಸಿಯಂ ಉಳಿಸುವ ಗುಣ ಇದಕ್ಕಿದೆ. ಆರೋಗ್ಯವಂತ ಯುವತಿಯರಿಗೆ ಅದರಿಂದ ತೊಂದರೆ ಕಡಿಮೆ. ಕಿಡ್ನಿ ತೊಂದರೆ ಇರುವವರು, ಕೆಲವು ಬಿ.ಪಿ. ಮಾತ್ರೆ ನುಂಗುವವರು ಮಾತ್ರ ಪೊಟ್ಯಾಸಿಯಂ ತುಂಬಿರುವ ಎಳನೀರನ್ನು ದಿನಾ ಎರಡು ಮೂರು ಕುಡಿಯುವ ಮೊದಲು ಡಾಕ್ಟರನ್ನು ಕೇಳಬೇಕು. ಗರ್ಭನಿರೋಧಕ ಮಾತ್ರೆಯನ್ನೇ ಮೊಡವೆಗೆ ಬರೆದಿದ್ದರೆ, ಮೈಗ್ರೇನ್, ಸಿಗರೇಟು, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ ಇತಿಹಾಸ ಹೇಳಿ. ಒಂದೇ ಕಾಲು ಊದಿ ನೋಯುವುದು, ಹಠಾತ್ ಉಸಿರು ಕಟ್ಟುವುದು ತುರ್ತು ಲಕ್ಷಣಗಳು.

ಮುಗಿದ ಮೇಲೆ

ಕೊನೆಯ ಐಸೊಟ್ರೆಟಿನೊಯಿನ್ ಕ್ಯಾಪ್ಸೂಲಿನ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಗರ್ಭ, ರಕ್ತದಾನದ ಒಂದು ತಿಂಗಳ ಲೆಕ್ಕ ಅಲ್ಲಿಂದ. ತುಟಿ ಎರಡು ಮೂರು ವಾರದಲ್ಲಿ ಸುಧಾರಿಸುತ್ತದೆ. ಮತ್ತೆ ಮೊಡವೆ ಬಾರದಂತೆ ಅಡಾಪಲಿನ್ ಮುಂದುವರಿಸಲು ಡಾಕ್ಟರ್ ಹೇಳಬಹುದು. ಕೆಲವರಿಗೆ ವರ್ಷದೊಳಗೆ ಎರಡನೆಯ ಸುತ್ತು ಬೇಕಾಗುತ್ತದೆ. ಅದೂ ಮೊದಲಿನಿಂದ, ರಕ್ತ ಪರೀಕ್ಷೆ ಗರ್ಭ ಪರೀಕ್ಷೆ ಸಮೇತ, ಹೊಸ ಚೀಟಿಯಲ್ಲೇ ಶುರುವಾಗಬೇಕು. ಉಳಿದ ಸ್ಟ್ರಿಪ್ಪನ್ನು ಯಾರಿಗೂ ಕೊಡಬೇಡಿ, ಮುಂದಕ್ಕೆಂದು ಬೀರುವಿನಲ್ಲೂ ಇಡಬೇಡಿ. ವಾಪಸ್ ತೆಗೆದುಕೊಳ್ಳುತ್ತಾರೆಯೇ ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿ. ಇಲ್ಲವಾದರೆ ಕ್ಯಾಪ್ಸೂಲುಗಳನ್ನು ಹಾಳೆಯಿಂದ ಬಿಡಿಸಿ, ಬಳಸಿದ ಕಾಫಿ ಚರಟದಲ್ಲಿ ಕಲಸಿ, ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಿ. ಮನೆಯಲ್ಲಿ ಬಸುರಿ ಇದ್ದರೆ ಈ ಕೆಲಸ ಅವರ ಕೈಗೆ ಬೇಡ.

ಔಷಧಿಯಿಂದ ಕೆಟ್ಟ ಪರಿಣಾಮವಾಗಿದ್ದರೆ ಡಾಕ್ಟರಿಗೆ ಹೇಳುವುದರ ಜೊತೆಗೆ ನೀವೇ ದೂರು ದಾಖಲಿಸಬಹುದು. ಔಷಧಿಗಳ ಅಡ್ಡಪರಿಣಾಮಗಳ ಮೇಲೆ ನಿಗಾ ಇಡುವ ರಾಷ್ಟ್ರೀಯ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024. ಕರೆ ಮಾಡುವಾಗ ಸ್ಟ್ರಿಪ್ಪಿನ ಮೇಲಿನ ಬ್ಯಾಚ್ ನಂಬರ್ ಕೈಯಲ್ಲಿರಲಿ. ಹಾಗಾಗಿ ಸ್ಟ್ರಿಪ್ಪಿನಿಂದ ಮಾತ್ರೆ ಕತ್ತರಿಸುವಾಗ ಬ್ಯಾಚ್ ನಂಬರ್ ಇರುವ ತುದಿಯನ್ನು ಕೊನೆಯ ತನಕ ಉಳಿಸಿಕೊಳ್ಳಿ.